ಅರವತ್ತೆರಡು ಬೋಗಿಗಳ ಉದ್ದ

ಮಗಳನ್ನು ಹೊತ್ತ ಬೆಂಗಳೂರಿನ ರಾತ್ರಿ ರೈಲು ಹೊರಟುಹೋಯಿತು. ಕೊನೆಯ ಬೋಗಿಯ ಕೆಂಪು ದೀಪ ಮರೆಯಾದ ಮೇಲೆ, ಕಳಿಸಲು ಬಂದವರೆಲ್ಲ ಹೊರಬಾಗಿಲ ಕಡೆ ತಿರುಗಿದರು. ನಾನು ಹೆಂಡತಿಗೆ, ‘ನೀನು ಈ ಬೆಂಚಿನ ಮೇಲೆ ಕುಳಿತಿರು, ನಾನು ಆ ತುದಿ ಮುಟ್ಟಿ ಬರುತ್ತೇನೆ’ ಎಂದೆ. ಅವಳು ನನ್ನ ಮುಖ ನೋಡಿದಳು, ಪ್ಲಾಟ್‌ಫಾರ್ಮ್ ಕಡೆ ನೋಡಿದಳು. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಈ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಅತಿ ಉದ್ದದ್ದು ಎಂದು ಊರಿಗೆ ಊರೇ ಹೆಮ್ಮೆಪಟ್ಟಿತ್ತು. ಒಂದು ತುದಿಯಲ್ಲಿ ನಿಂತರೆ ಇನ್ನೊಂದು ಕಾಣುವುದಿಲ್ಲ.

ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ 36 ವರ್ಷ ಫಿಟ್ಟರ್ ಆಗಿದ್ದವನು ನಾನು. ಉದ್ದವೆಂದರೆ ನನಗೆ ಬೋಗಿಯ ಲೆಕ್ಕವೇ. ಒಂದು ಬೋಗಿಗೆ ಸುಮಾರು 24 ಮೀಟರ್ ಹಿಡಿದರೆ ಈ ಪ್ಲಾಟ್‌ಫಾರ್ಮ್ 62 ಬೋಗಿ. ಹಿಂದಿನ ವರ್ಷ ನನ್ನ ಮಂಚದಿಂದ ಬಚ್ಚಲಿಗೆ ಅರ್ಧ ಬೋಗಿಯೂ ಇರಲಿಲ್ಲ. ಅಷ್ಟಕ್ಕೇ ಗೋಡೆ ಹಿಡಿಯುತ್ತಿದ್ದೆ.

ಪ್ರಾಸ್ಟೇಟ್ ಕ್ಯಾನ್ಸರಿಗೆ ನಾಲ್ಕು ವಾರ, ವಾರಕ್ಕೆ 5 ದಿನದಂತೆ 20 ಸಲ ವಿಕಿರಣ ಕೊಟ್ಟರು. ಪ್ರತಿಸಲ ಹೊಟ್ಟೆ ತುಂಬ ನೀರು ಕುಡಿದು, ಮೂತ್ರ ತಡೆದುಕೊಂಡು ಯಂತ್ರದ ಕೆಳಗೆ ಅಲುಗಾಡದೆ ಮಲಗಬೇಕು. ಅದು ಮುಗಿಯಿತು. ಮುಗಿಯದೆ ಉಳಿದದ್ದು ಮೂರು ತಿಂಗಳಿಗೊಮ್ಮೆ ಚುಚ್ಚುವ ಹಾರ್ಮೋನ್ ಇಂಜೆಕ್ಷನ್. ಎರಡು ವರ್ಷಕ್ಕೆ ಎಂಟು. ಈ ಕ್ಯಾನ್ಸರ್ ಗಂಡಸಿನ ಟೆಸ್ಟೋಸ್ಟಿರಾನ್ ಹಾರ್ಮೋನನ್ನು ಉಂಡು ಬೆಳೆಯುತ್ತದೆ, ಆದ್ದರಿಂದ ಅದನ್ನೇ ನಿಲ್ಲಿಸಿಬಿಡುತ್ತಾರೆ. ಆದರೆ ತೋಳು ತೊಡೆಗಳ ಮಾಂಸಖಂಡವೂ ಎಲುಬೂ ಅದೇ ಹಾರ್ಮೋನಿನ ಆಸರೆಯಲ್ಲಿ ಗಟ್ಟಿಯಾಗಿರುತ್ತವೆ. ಆಸರೆ ಹೋಯಿತೆಂದರೆ ಅವೂ ಸವೆಯುತ್ತವೆ. ಕುಳಿತಲ್ಲೇ ಮೈ ಕಾದು ಬೆವರು ಇಳಿಯುತ್ತದೆ. ಹತ್ತು ತಾಸು ಮಲಗಿ ಎದ್ದರೂ ಆಯಾಸ ಇಳಿಯುವುದಿಲ್ಲ. ಇದಕ್ಕೆ ಸುಸ್ತು ಎಂಬ ಪದ ಸಾಲದು.

ನನಗೆ ನಿಜವಾಗಿ ನೋವಾದದ್ದು ಒಂದು ನಲ್ಲಿಯ ದಿನ. ನಮ್ಮ ಓಣಿಗೆ ನೀರು ದಿನವೂ ಬರುವುದಿಲ್ಲ. ಬಂದಾಗ ಮನೆಯಲ್ಲಿರುವ ಪಾತ್ರೆಯನ್ನೆಲ್ಲ ತುಂಬಿಸಬೇಕು. ದೊಡ್ಡ ಪಾನಾ ಹಿಡಿದು ತುಕ್ಕು ಹಿಡಿದ ನಟ್ಟು ಬಿಚ್ಚುತ್ತಿದ್ದ ಈ ಕೈಗೆ ತುಂಬಿದ ಕೊಡ ನೆಲ ಬಿಟ್ಟು ಮೇಲೇಳಲಿಲ್ಲ. ಹೆಂಡತಿ ಬಂದು, ‘ನೀವು ಸುಮ್ಮನೆ ಕುಳಿತುಕೊಳ್ಳಿರಿ, ನಾನಿದ್ದೇನೆ’ ಎಂದು ಕೊಡ ತೆಗೆದುಕೊಂಡು ಹೋದಳು. ಅಲ್ಲಿಂದ ಮನೆಯವರು, ಬೀಗರು, ಪಕ್ಕದ ಮನೆಯವರು ಎಲ್ಲರೂ ಅದನ್ನೇ ಹೇಳಿದರು. ಪ್ರೀತಿಯಿಂದಲೇ ಹೇಳಿದರು. ನಾನು ಕುಳಿತೆ. ಕುಳಿತಷ್ಟೂ ಕುಗ್ಗಿದೆ.

ತಪಾಸಣೆಗೆ ಹೋದಾಗ ಡಾಕ್ಟರು ಹಿಮೋಗ್ಲೋಬಿನ್ ನೋಡಿದರು, ಎಲುಬಿನ ಸಾಂದ್ರತೆ ನೋಡಿದರು, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬರೆದರು. ಆಮೇಲೆ, ಈ ಆಯಾಸಕ್ಕೆ ವಿಶ್ರಾಂತಿಗಿಂತ ವ್ಯಾಯಾಮ ದೊಡ್ಡ ಮದ್ದು, ನಡಿಗೆಯೊಂದೇ ಸಾಲದು, ಸ್ನಾಯುಗಳಿಗೆ ಭಾರ ಬೀಳಬೇಕು ಎಂದರು. ಈ ಮಾತನ್ನು ಮೊದಲ ಇಂಜೆಕ್ಷನ್ನಿನ ದಿನವೇ ನಾನು ಕೇಳಿ ತಿಳಿದುಕೊಳ್ಳಬೇಕಿತ್ತು. ಇಂಥ ಚಿಕಿತ್ಸೆಗೆ ಹೋಗುವವರು ದಯವಿಟ್ಟು ಮೊದಲೇ ಕೇಳಿರಿ.

ಫಿಸಿಯೋಥೆರಪಿಯ ಹುಡುಗಿ, ‘ಕಾಕಾ, ಕೈ ಊರದೆ ಕುರ್ಚಿಯಿಂದ ಏಳಿರಿ’ ಎಂದಳು. ಮೊದಲ ದಿನ ಮೂರು ಸಲ ಎದ್ದೆ. ಗೋಡೆಗೆ ಅಂಗೈ ಇಟ್ಟು ತಳ್ಳುವುದು, ನೀರು ತುಂಬಿದ ಲೀಟರ್ ಬಾಟಲಿಯನ್ನು ಭುಜದವರೆಗೆ ಎತ್ತುವುದು ಕಲಿಸಿದಳು. ಬೆಳಿಗ್ಗೆ ಉಣಕಲ್ ಕೆರೆಯ ದಂಡೆಯಲ್ಲಿ ನಡೆಯತೊಡಗಿದೆ, ಹೆಂಡತಿಯೂ ಜೊತೆಗೆ ಬಂದಳು. ರೊಟ್ಟಿಯ ಜೊತೆ ದಿನವೂ ಮಡಕಿಕಾಳು ಇಲ್ಲವೆ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಕೆಲವು ದಿನ ಕೆರೆಯ ತನಕ ಹೋಗಿ ಹಾಗೇ ಹಿಂತಿರುಗಿದ್ದುಂಟು. ಐದನೇ ಇಂಜೆಕ್ಷನ್ನಿನ ಹೊತ್ತಿಗೆ ಕುರ್ಚಿಯಿಂದ 12 ಸಲ ಏಳುತ್ತಿದ್ದೆ.

ಆ ರಾತ್ರಿ ನಾನು ಸಿದ್ಧನಾಗಿಯೇ ಬಂದಿದ್ದೆ. ಸಂಜೆ ಐದರ ನಂತರ ಚಹಾ ಕುಡಿದಿರಲಿಲ್ಲ, ಹೊರಡುವ ಮೊದಲು ಶೌಚಾಲಯಕ್ಕೆ ಹೋಗಿ ಬಂದಿದ್ದೆ. ವಿಕಿರಣದ ನಂತರ ಮೂತ್ರ ಹೇಳಿ ಕೇಳಿ ಬರುವುದಿಲ್ಲ. ಈ ಅಂಜಿಕೆಗೇ ಎಷ್ಟೋ ಗಂಡಸರು ಮನೆ ಬಿಟ್ಟು ಹೊರಡುವುದಿಲ್ಲ, ಯಾರಿಗೂ ಬಾಯಿ ಬಿಟ್ಟು ಹೇಳುವುದೂ ಇಲ್ಲ.

ಇಪ್ಪತ್ತು ಬೋಗಿಯವರೆಗೆ ಕಾಲು ಹಗುರವಾಗಿತ್ತು. ಅಂಗಡಿಗಳ ಸಾಲು ಮುಗಿಯಿತು, ಜನ ವಿರಳವಾದರು. ಮೂವತ್ತೈದಕ್ಕೆ ತೊಡೆ ನಡುಗಿತು. ಕಂಬಕ್ಕೆ ಒರಗಿ ನಿಂತು, ಉಸಿರು ಹದಕ್ಕೆ ಬಂದ ಮೇಲೆ ಮುಂದೆ ನಡೆದೆ. ಕೊನೆಯ ಹತ್ತು ಬೋಗಿಗಳ ದೂರದಲ್ಲಿ ನನ್ನ ಚಪ್ಪಲಿಯ ಸದ್ದಷ್ಟೇ ಕೇಳುತ್ತಿತ್ತು. ಹಳಿಯ ಮಟ್ಟಕ್ಕೆ ಇಳಿಯುವ ಇಳಿಜಾರಿನ ಹತ್ತಿರ ನಿಂತು ಕುತ್ತಿಗೆ ಮುಟ್ಟಿಕೊಂಡೆ. ಅಂಗಿ ಒದ್ದೆಯಾಗಿತ್ತು. ಇಂಜೆಕ್ಷನ್ನಿನ ಬೆವರು ನನಗೆ ಗೊತ್ತು, ಎದೆಯಿಂದ ಬೆಂಕಿಯಂತೆ ಏರಿ ಮುಖಕ್ಕೆ ಬರುತ್ತದೆ. ಇದು ಅದಲ್ಲ. ವರ್ಕ್‌ಶಾಪಿನಲ್ಲಿ ದಿನವೂ ಬರುತ್ತಿದ್ದ, ಮೈ ದುಡಿದ ಬೆವರು. ಅಲ್ಲಿಯೇ ಕಣ್ಣು ತುಂಬಿತು.

ಹಿಂತಿರುಗುವಾಗ ಮೂರು ಕಡೆ ಕುಳಿತೆ. ಹೆಂಡತಿ ಬೆಂಚು ಬಿಟ್ಟು ಅರ್ಧ ದಾರಿ ಎದುರು ಬಂದಿದ್ದಳು. ಮರುದಿನ ಮಧ್ಯಾಹ್ನ ಮೂರು ತಾಸು ಮಲಗಿದೆ. ಅದರ ಮರುದಿನ ನಲ್ಲಿಗೆ ನೀರು ಬಂತು. ಅರ್ಧ ತುಂಬಿದ ನಾಲ್ಕು ಕೊಡ ಒಳಗೆ ತಂದಿಟ್ಟೆ. ಇನ್ನು ಮೂರು ಇಂಜೆಕ್ಷನ್ ಬಾಕಿ ಇವೆ.