ಗೆರೆ ಹಾಕಿ ಒಂದು ದಿನ ಬಿಡುವ ಅಭ್ಯಾಸ

ನಾನು ಬ್ರಷ್ ಹಿಡಿದದ್ದು ಸಿನಿಮಾ ಬ್ಯಾನರ್ ಬರೆಯೋಕೆ. ಗಾಂಧಿನಗರದ ಥಿಯೇಟರುಗಳ ಮುಂದೆ ನಿಲ್ಲುತ್ತಿದ್ದ ಕಟೌಟುಗಳೇ ನಮಗೆ ಅನ್ನ ಹಾಕುತ್ತಿದ್ದವು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತೇಹೋಯಿತು. 2009ರಲ್ಲಿ ಬಿಬಿಎಂಪಿ ಬೆಂಗಳೂರಿನ ಕಾಂಪೌಂಡ್ ಗೋಡೆಗಳಿಗೆ ಚಿತ್ರ ಬರೆಸಲು ಹೊರಟಾಗ ಕರೆದದ್ದು ನಮ್ಮಂಥ ಬ್ಯಾನರ್, ಬೋರ್ಡ್ ಬರೆಯುವವರನ್ನೇ. ಹಂಪಿಯ ಕಲ್ಲಿನ ರಥ, ಜೋಗ, ದಸರಾ ಅಂಬಾರಿ, ಯಕ್ಷಗಾನ, ಹುಲಿ, ಆನೆ. ಬಣ್ಣದ ವಾಸನೆ ಮತ್ತೆ ಕೈಗೆ ಹತ್ತಿದ ಆ ದಿನ ನನಗಿನ್ನೂ ನೆನಪಿದೆ.

ಕಲೆ ಓದಿದವರು ಕೆಲವರು ಇದನ್ನು ಕ್ಯಾಲೆಂಡರ್ ಚಿತ್ರ ಎಂದರು. ನೋವಾಯಿತು. ಆದರೆ ಆಟೋ ನಿಲ್ಲಿಸಿ ನೋಡುವವರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ‘ನೋಡು, ಆನೆ’ ಎಂದು ತೋರಿಸುವವರು ದಿನವೂ ಇದ್ದರು. ಇಷ್ಟು ಹತ್ತಿರ ನಿಂತು ಕಟೌಟನ್ನು ಯಾರೂ ನೋಡಿರಲಿಲ್ಲ. ಅದು ನಲವತ್ತು ಅಡಿ ಮೇಲಿರುತ್ತಿತ್ತು, ತಪ್ಪಿದ್ದರೂ ನಡೆಯುತ್ತಿತ್ತು.

ಗೋಡೆಯಲ್ಲಿ ನಡೆಯಲಿಲ್ಲ. ಒಂದು ಬಸ್ ಸ್ಟಾಪ್ ಪಕ್ಕ ಯಕ್ಷಗಾನದ ವೇಷ ಬರೆಯುತ್ತಿದ್ದೆ. ಎರಡು ಫೋಟೋ ಸೇರಿಸಿಕೊಂಡು, ಚೌಕ ಹಾಕಿ, ದೊಡ್ಡದು ಮಾಡಿದ್ದೆ. ಮೂರನೇ ದಿನ ಹತ್ತಿರದ ದರ್ಶಿನಿಯಲ್ಲಿ ಕೆಲಸ ಮಾಡುವ ಕುಂದಾಪುರ ಕಡೆಯ ಹಿರಿಯರೊಬ್ಬರು ಬಂದು ನಿಂತರು.

‘ಇದು ಎಂಥ ವೇಷ ಮಾರಾಯ್ರೆ? ತಲೆ ತೆಂಕಿಂದು, ಉಟ್ಟದ್ದು ಬಡಗಿಂದು.’

ತೆಂಕು, ಬಡಗು ಎಂದರೆ ಯಕ್ಷಗಾನದ ಎರಡು ಶೈಲಿ. ನನಗೆ ಎರಡೂ ಒಂದೇ ಆಗಿತ್ತು. ಅವರು ಬಿಲ್ಲಿನ ಚೀಟಿ ಮಗುಚಿ ಪೆನ್ಸಿಲಿನಲ್ಲಿ ಬರೆದು ತೋರಿಸಿದರು: ಬಡಗಿನ ಅಭಿಮನ್ಯುವಿಗಾದರೆ ತಲೆಗೆ ಕೇದಗೆ ಮುಂದಲೆ ಎಂಬ ಕಟ್ಟು, ಕರ್ಣನಿಗೆ ಮುಂಡಾಸು, ಕೆಳಗೆ ಕೆಂಪು ಹಳದಿ ಚೌಕುಳಿಯ ಕಸೆ ಸೀರೆ. ನಾನು ಹಾಕಿದ್ದ ಕಿರೀಟ ತೆಂಕಿನ ರಾಜವೇಷದ್ದು. ಕಿರೀಟ ಒಣಗಿಬಿಟ್ಟಿತ್ತು. ಅದರ ಮೇಲೆ ಬಿಳಿ ಬಳಿದು ಮತ್ತೆ ಬರೆಯೋಕೆ ಒಂದೂವರೆ ದಿನ ಹಿಡಿಯಿತು. ಆ ಕೂಲಿ ನನ್ನದೇ ನಷ್ಟ. ಬೇಸರವಿಲ್ಲ. ಸರಿಮಾಡಿದ ಮೇಲೆ ಅವರು ಹೋಟೆಲಿನ ಇನ್ನಿಬ್ಬರು ಹುಡುಗರನ್ನು ಕರೆದುಕೊಂಡು ಬಂದು ತೋರಿಸಿದರು, ತಮ್ಮ ಮನೆಯ ಗೋಡೆ ತೋರಿಸಿದ ಹಾಗೆ.

ಜನಕ್ಕೆ ಗೊತ್ತಿರುವುದನ್ನು ಬರೆಯುವುದು ಸುಲಭ ಎಂದು ಹೇಳುವವರು ಒಮ್ಮೆ ಬಸ್ ಸ್ಟಾಪಿನ ಗೋಡೆಗೆ ಬಣ್ಣ ಹಚ್ಚಿ ನೋಡಬೇಕು. ಪ್ರೀತಿಯಿಂದ ನೋಡುವ ಕಣ್ಣಿಗೆ ತಪ್ಪು ಬೇಗ ಬೀಳುತ್ತದೆ.

ಇನ್ನೊಂದು ಸಣ್ಣ ಮಾತು, ಹೊಸಬರಿಗೆ: ನೆಲದಿಂದ ಒಂದೂವರೆ ಅಡಿ ಬರೀ ಗಾಢ ಬಣ್ಣದ ಪಟ್ಟಿ ಬಿಡಿ. ತೇವ ಅಲ್ಲಿಂದಲೇ ಏರಿ ಬಣ್ಣ ಎಬ್ಬಿಸುತ್ತದೆ. ನನ್ನ ಮೊದಲ ರಥದ ಚಕ್ರಗಳು ಒಂದೇ ಮಳೆಗಾಲಕ್ಕೆ ಉದುರಿದವು.

ಆ ಕಿರೀಟ ಅಳಿಸಿ ಬರೆದಂದಿನಿಂದ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಒಂದು ಪೂರ್ತಿ ದಿನ ಬಣ್ಣ ಮುಟ್ಟುವುದಿಲ್ಲ. ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ಬೆಳಗ್ಗೆ ಹೂವಿನವರು, ಮಧ್ಯಾಹ್ನ ಶಾಲೆ ಮಕ್ಕಳು, ಸಂಜೆ ಬಸ್ಸಿಗೆ ಕಾಯುವವರು. ಯಾರಾದರೂ ಒಬ್ಬರು ಗೆರೆಯ ಮೇಲೆ ಬೆರಳಿಟ್ಟು ‘ಇದು ಹೀಗಲ್ಲ’ ಎನ್ನುತ್ತಾರೆ. ಒರೆಸೋಕೆ ಒದ್ದೆ ಬಟ್ಟೆ ಕೈಯಲ್ಲೇ ಇರುತ್ತದೆ.