ಅಶೋಕನಗರದಲ್ಲಿ ನೋಡಿದ ಮನೀಷಾ

ಕಾಲೇಜು ಪತ್ರಿಕೆಗೆ ನೆನಪುಗಳನ್ನು ಬರೆದುಕೊಡು ಎಂದು ಮೇಡಂ ಕೇಳಿದರು. ಕ್ಯಾಂಟೀನು, ಹಾಸ್ಟೆಲ್ಲು, ಲ್ಯಾಬುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ನಮ್ಮ ಹುಡುಗಿಯರ ಫುಟ್‌ಬಾಲ್ ತಂಡದ ಬಗ್ಗೆ ಬರೆಯುತ್ತೇನೆ. ಹಾಗೆ ಬರೆಯಹೊರಟರೆ ಭಾರತ ತಂಡದ ಆಟಗಾರ್ತಿ ಮನೀಷಾ ಕಲ್ಯಾಣ್ ಹೆಸರು ಬರಲೇಬೇಕು. ಆಕೆ ನಮ್ಮ ಕಾಲೇಜಿನವಳಲ್ಲ, ನಮ್ಮ ರಾಜ್ಯದವಳೂ ಅಲ್ಲ. ಆದರೆ ಫುಟ್‌ಬಾಲ್ ಆಡುವುದೇ ಒಬ್ಬ ಹುಡುಗಿಯ ಕೆಲಸವಾಗಬಹುದು ಅನ್ನೋದು ನಮಗೆ ಮೊದಲು ಹೊಳೆದದ್ದು ಆಕೆಯನ್ನು ನೋಡಿ.

2020ರ ಜನವರಿ ಕೊನೆಯಲ್ಲಿ ದೇಶದ ಮಹಿಳಾ ಫುಟ್‌ಬಾಲ್ ಕ್ಲಬ್‌ಗಳ ಟೂರ್ನಿ ಇಂಡಿಯನ್ ವಿಮೆನ್ಸ್ ಲೀಗ್ ಬೆಂಗಳೂರಿಗೆ ಬಂತು. ಎಲ್ಲ ತಂಡಗಳೂ ಒಂದೇ ಊರಿಗೆ ಬಂದು ಕೆಲವೇ ವಾರಗಳಲ್ಲಿ ಆಡಿ ಮುಗಿಸುವ ಕಾಲ ಅದು. ನಮ್ಮದು ಡಿಗ್ರಿಯ ಕೊನೆಯ ವರ್ಷ. ಪಿ.ಟಿ. ಮೇಡಂ ನಮ್ಮನ್ನು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಕರೆದುಕೊಂಡು ಹೋದರು. "ಸುಮ್ನೆ ಕೂಗಾಡೋಕೆ ಬರಬೇಡಿ, ಒಬ್ಬೊಬ್ಬರು ಒಬ್ಬೊಬ್ಬ ಪ್ಲೇಯರ್‌ನ ನೋಡಿ. ಚೆಂಡು ಇಲ್ಲದಾಗ ಅವರು ಏನು ಮಾಡ್ತಾರೆ ನೋಡಿ" ಅಂದರು. ನಾನು ಮುಂದಿನ ಸಾಲಿನಲ್ಲಿ ಆಡುತ್ತಿದ್ದೆ. ಹಾಗಾಗಿ ನನ್ನ ಪಾಲಿಗೆ ಗೋಕುಲಂ ಕೇರಳ ತಂಡದ ಫಾರ್ವರ್ಡ್ ಮನೀಷಾ ಬಂದಳು. ಆಗ ಆಕೆಗೆ 18 ವರ್ಷ. ನಮ್ಮ ಫಸ್ಟ್ ಇಯರ್ ಹುಡುಗಿಯರ ವಯಸ್ಸು!

ನನ್ನ ಕಣ್ಣಿಗೆ ಬಿದ್ದ ಮೊದಲ ವಿಷಯ, ಚೆಂಡು ಬಂದಾಗ ಆಕೆಯ ಮೈ ಆಗಲೇ ಗೋಲಿನ ಕಡೆ ತಿರುಗಿರುತ್ತಿತ್ತು. ನಾವು ಚೆಂಡನ್ನು ನಿಲ್ಲಿಸಿ, ಆಮೇಲೆ ತಿರುಗಿ, ಆಮೇಲೆ ಯೋಚನೆ ಮಾಡುತ್ತಿದ್ದೆವು. ಅಷ್ಟರಲ್ಲಿ ಡಿಫೆಂಡರ್ ಮೈಮೇಲೆ ಬಂದಿರುತ್ತಿದ್ದಳು. ಆಕೆ ಯೋಚನೆಯನ್ನು ಮೊದಲೇ ಮುಗಿಸಿಬಿಟ್ಟಿರುತ್ತಿದ್ದಳು. ಮಾರನೇ ಬೆಳಗ್ಗೆ ಪ್ರಾಕ್ಟೀಸಿಗೆ ಬಂದವರೆಲ್ಲ ಅದನ್ನೇ ಮಾಡಲು ಹೋಗಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದದ್ದು ಇನ್ನೂ ನೆನಪಿದೆ.

ಫೆಬ್ರವರಿ 14ರಂದು ಫೈನಲ್. ಮಣಿಪುರದ ಕ್ರಿಪ್ಸಾ ತಂಡದ ಎದುರು ಗೋಕುಲಂ ಮೊದಲ ನಿಮಿಷದಲ್ಲೇ ಗೋಲು ಹೊಡೆಯಿತು, ಬೇಗನೆ 2-0 ಆಯಿತು. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಕ್ರಿಪ್ಸಾ ಎರಡೂ ಗೋಲು ತೀರಿಸಿತು. 87ನೇ ನಿಮಿಷದಲ್ಲಿ ನೇಪಾಳದ ಸಬಿತ್ರಾ ಭಂಡಾರಿ ಹೊಡೆದ ಗೋಲಿನಿಂದ ಗೋಕುಲಂ 3-2ರಲ್ಲಿ ಗೆದ್ದಿತು. ಹುಡುಗಿಯರ ಆಟ ನಿಧಾನ, ಸಪ್ಪೆ ಅನ್ನುವವರನ್ನು ಆವತ್ತು ಅಲ್ಲಿ ಕೂರಿಸಬೇಕಿತ್ತು.

ಆಮೇಲೆ ನಾವು ಮನೀಷಾ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆವು. ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಮುಗ್ಗೋವಾಲ್ ಎಂಬ ಹಳ್ಳಿ. ಊರಲ್ಲಿ ಫುಟ್‌ಬಾಲ್ ಆಡುವ ಹುಡುಗಿಯರೇ ಇಲ್ಲದ್ದರಿಂದ ಹುಡುಗರ ಜೊತೆ ಆಟ. ಮೊದಲು ಓಟದಲ್ಲಿದ್ದವಳನ್ನು ಫುಟ್‌ಬಾಲಿಗೆ ತಂದದ್ದು ಶಾಲೆಯ ದೈಹಿಕ ಶಿಕ್ಷಕರು. ಅದನ್ನು ಓದಿದಾಗ ನಾವೆಲ್ಲ ನಮ್ಮ ಪಿ.ಟಿ. ಮೇಡಂ ಮುಖ ನೋಡಿದೆವು. ನಮ್ಮಲ್ಲೂ ಅರ್ಧ ಜನ ಅವರು ಕಬಡ್ಡಿಯಿಂದಲೋ ಖೊಖೊದಿಂದಲೋ ಎಳೆದು ತಂದವರೇ ಅಲ್ವಾ?

ನಮ್ಮ ಕಷ್ಟ ಆಟದ್ದಲ್ಲ, ಮನೆಯದು. "ಇದರಿಂದ ಏನೇ ಸಿಗುತ್ತೆ ನಿನಗೆ?" ಎಂದು ಅಮ್ಮ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸರ್ಟಿಫಿಕೇಟು, ಸ್ಪೋರ್ಟ್ಸ್ ಕೋಟಾ, ಅಷ್ಟೇ. ನಾವು ಒಂದೇ ಜೊತೆ ಬೂಟನ್ನು ಇಬ್ಬರು ಹಂಚಿಕೊಂಡು ಆಡಿದ ಇಂಟರ್ ಕಾಲೇಜ್ ಪಂದ್ಯಗಳಿವೆ. ಹಾಫ್ ಟೈಮಿನಲ್ಲಿ ಬಿಚ್ಚಿ ಕೊಡುವುದು, ಸಡಿಲ ಆದರೆ ಎರಡು ಸಾಕ್ಸ್ ಹಾಕಿಕೊಳ್ಳುವುದು. ಆ ಬೂಟಿಗೆ ದುಡ್ಡು ಕೇಳಲೂ ಮನೆಯಲ್ಲಿ ಬಾಯಿ ಬರುತ್ತಿರಲಿಲ್ಲ.

ಕಾಲೇಜು ಮುಗಿದ ಮೇಲೂ ನಮ್ಮ ತಂಡದ ವಾಟ್ಸಾಪ್ ಗುಂಪು ಉಳಿಯಿತು. 2021ರ ನವೆಂಬರಿನಲ್ಲಿ ಭಾರತ ತಂಡ ಬ್ರೆಜಿಲ್‌ನ ಮನೌಸ್‌ಗೆ ಹೋಗಿ ಬ್ರೆಜಿಲ್ ವಿರುದ್ಧವೇ ಆಡಿತು. ಹಿರಿಯ ಆಟಗಾರ್ತಿ ಫೊರ್ಮಿಗಾ ಅವರ ವಿದಾಯದ ಪಂದ್ಯ ಅದು. ಬ್ರೆಜಿಲ್ ಮೊದಲ ನಿಮಿಷದಲ್ಲೇ ಗೋಲು ಹೊಡೆಯಿತು. 8ನೇ ನಿಮಿಷದಲ್ಲಿ ಮನೀಷಾ 1-1 ಮಾಡಿದಳು. ಪಂದ್ಯವನ್ನು ಭಾರತ 6-1ರಲ್ಲಿ ಸೋತಿತು, ನಿಜ. ಆದರೆ ಆ ಒಂದು ಗೋಲಿನ ವಿಡಿಯೊ ನಮ್ಮ ಗುಂಪಿನಲ್ಲಿ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ನಾನು ಅದನ್ನು ಅಮ್ಮನಿಗೂ ತೋರಿಸಿದೆ. "ಅವತ್ತು ನೀವು ನೋಡೋಕೆ ಹೋಗಿದ್ದ ಹುಡುಗೀನಾ?" ಅಂದರು.

2022 ಅಂತೂ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಜನವರಿಯಲ್ಲಿ ನಮ್ಮ ದೇಶದಲ್ಲೇ ಏಷ್ಯನ್ ಕಪ್. ಇರಾನ್ ಜೊತೆ 0-0 ಆದ ಮೇಲೆ ತಂಡದಲ್ಲಿ ಕೋವಿಡ್ ಹಬ್ಬಿ, ಮುಂದಿನ ಪಂದ್ಯಕ್ಕೆ ಬೇಕಾದಷ್ಟು ಆಟಗಾರ್ತಿಯರೇ ಇಲ್ಲದೆ ಭಾರತ ಹೊರಬಿತ್ತು. ಆಗಸ್ಟ್ ಮಧ್ಯದಲ್ಲಿ ಫಿಫಾ ಭಾರತದ ಫುಟ್‌ಬಾಲ್ ಫೆಡರೇಶನ್ ಮೇಲೆ ನಿಷೇಧ ಹಾಕಿತು. ಏಷ್ಯಾದ ಕ್ಲಬ್ ಟೂರ್ನಿಗೆ ಉಜ್ಬೇಕಿಸ್ತಾನ ತಲುಪಿದ್ದ ಗೋಕುಲಂ ಹುಡುಗಿಯರು ಆಡದೆ ವಾಪಸ್ ಬಂದರು. ಆಡಳಿತದ ಜಗಳಕ್ಕೆ ಆಡುವವರಿಗೆ ಶಿಕ್ಷೆ. ಆಟಗಾರ್ತಿಯ ಜೀವನದಲ್ಲಿ ಒಂದು ವರ್ಷ ಅಂದರೆ ತುಂಬಾ ಜಾಸ್ತಿ.

ಅದೇ ವಾರ, ಆಗಸ್ಟ್ 18ರಂದು, ಮನೀಷಾ ಸೈಪ್ರಸ್‌ನ ಅಪೊಲೊನ್ ಲೇಡೀಸ್ ತಂಡದ ಪರವಾಗಿ ಬದಲಿ ಆಟಗಾರ್ತಿಯಾಗಿ ಮೈದಾನಕ್ಕಿಳಿದಳು. ಎದುರಾಳಿ ಲಾಟ್ವಿಯಾದ ರಿಗಾ ತಂಡ. ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯಳು ಆಕೆ. ಅವತ್ತು ನಮ್ಮ ಗುಂಪಿನಲ್ಲಿ ಯಾರೂ ಕೆಲಸ ಮಾಡಿರಲಿಕ್ಕಿಲ್ಲ! ಫೆಡರೇಶನ್ನಿನ ವರ್ಷದ ಆಟಗಾರ್ತಿ ಪ್ರಶಸ್ತಿಯೂ 2021-22 ಮತ್ತು 2022-23 ಎರಡೂ ಸಲ ಆಕೆಗೇ ಬಂತು. 2024ರಲ್ಲಿ ಗ್ರೀಸ್‌ನ ಪಾಓಕ್, 2025ರಲ್ಲಿ ಪೆರುವಿನ ಅಲಿಯಾನ್ಸಾ ಲಿಮಾ ಕ್ಲಬ್ ಸೇರಿದಳು. ಊಟ ಬೇರೆ, ಭಾಷೆ ಬೇರೆ, ಬೆಂಚಿನ ಮೇಲೆ ಕೂತು ಕಾಯುವ ದಿನಗಳೂ ಇರುತ್ತವೆ. ಒಂದು ಕಡೆ ಗಟ್ಟಿಯಾಗಿ ಕೂರದೆ ಇಷ್ಟೊಂದು ಸಲ ಮೊದಲಿನಿಂದ ಶುರು ಮಾಡುವ ಆ ಧೈರ್ಯವನ್ನು ನಾನು ಆಕೆಯ ಗೋಲುಗಳಿಗಿಂತ ದೊಡ್ಡದು ಅಂದುಕೊಂಡಿದ್ದೇನೆ.

ನಡುವೆ ಇಲ್ಲೂ ಸ್ವಲ್ಪ ಬದಲಾಯಿತು. ಪ್ರತಿ ಕ್ಲಬ್ ಕನಿಷ್ಠ 10 ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿಗಿಂತ ಕಡಿಮೆ ಇಲ್ಲದಂತೆ ಸಂಬಳ ಕೊಡಬೇಕು ಎಂದು ಫೆಡರೇಶನ್ 2023ರಲ್ಲಿ ಹೇಳಿತು. 2023-24 ಮತ್ತು 2024-25ರಲ್ಲಿ ಲೀಗ್ ಒಂದೇ ಊರಿನ ಬದಲು ತಂಡಗಳ ಊರೂರಿನಲ್ಲಿ ನಡೆಯಿತು. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ಅದರಲ್ಲಿ ಆಡಿದೆ. 2025ರ ಜುಲೈನಲ್ಲಿ ಭಾರತ ಥಾಯ್ಲೆಂಡ್ ನೆಲದಲ್ಲೇ ಥಾಯ್ಲೆಂಡನ್ನು 2-1ರಲ್ಲಿ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಮನೀಷಾ ಆ ತಂಡದಲ್ಲೂ ಇದ್ದಳು.

ನಾನು ಈಗ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ನನ್ನ ಹುಡುಗಿಯರ ಅಮ್ಮಂದಿರೂ ಇದರಿಂದ ಏನು ಸಿಗುತ್ತೆ ಎಂಬ ಅದೇ ಪ್ರಶ್ನೆ ಕೇಳುತ್ತಾರೆ. ಸಂಬಳ, ಲೀಗ್, ಮನೀಷಾ ಹೋದ ದೇಶಗಳು, ಎಲ್ಲವನ್ನೂ ಕೂರಿಸಿಕೊಂಡು ಹೇಳುತ್ತೇನೆ. ಕೆಲವರು ಒಪ್ಪುತ್ತಾರೆ.

ಕಾಲೇಜಿನ ತಂಡದಲ್ಲಿ ಈಗ ಆಡುತ್ತಿರುವ ಹುಡುಗಿಯರಿಗೆ ಒಂದು ಮಾತು. ಈ ವರ್ಷ ನಿಮ್ಮೆಲ್ಲರಿಗೂ ಬೂಟು ಕೊಡಿಸಬೇಕೆಂದು ನಮ್ಮ ಬ್ಯಾಚಿನವರು ದುಡ್ಡು ಕೂಡಿಸಿದ್ದೇವೆ. ಒಬ್ಬೊಬ್ಬರಿಗೂ ಅವರವರದೇ ಜೊತೆ. ನಿಮ್ಮ ಕಾಲಿನ ಅಳತೆಯನ್ನು ಪಿ.ಟಿ. ಮೇಡಂ ಹತ್ತಿರ ಬರೆಸಿಡಿ.