ಐರಿಷ್ ಮುತ್ತಜ್ಜಿಯನ್ನು ಎಲ್ಲಿಂದ ಹುಡುಕಬೇಕು?

'ನಮ್ಮ ಮುತ್ತಜ್ಜಿ ಐರಿಷ್ ಅಂತೆ. ಆದರೆ ಅಲ್ಲಿಯ ದಾಖಲೆಗಳೆಲ್ಲ ಸುಟ್ಟುಹೋಗಿವೆಯಂತಲ್ಲ, ಇನ್ನೇನು ಹುಡುಕೋದು?' ಬೆಂಗಳೂರು ದಂಡಿನ ಆಂಗ್ಲೋ-ಇಂಡಿಯನ್ ಮನೆಗಳವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯಿದು.

ಸುಟ್ಟಿದ್ದು ನಿಜ. 1922ರ ಜೂನ್ ಕೊನೆಗೆ, ಅಂತರ್ಯುದ್ಧ ಶುರುವಾಗುತ್ತಿದ್ದಂತೆ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯದ ಆವರಣದಲ್ಲಿದ್ದ ದಾಖಲೆ ಭಂಡಾರ ಬೂದಿಯಾಯಿತು. 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಅಲ್ಲೇ ಹೋಯಿತು. (1861ರಿಂದ 1891ರವರೆಗಿನದನ್ನು ಬೆಂಕಿಯ ಲೆಕ್ಕಕ್ಕೆ ಬರೆಯಬೇಡಿ. ಅದನ್ನು ಸರ್ಕಾರವೇ ಮೊದಲೇ ನಾಶ ಮಾಡಿತ್ತು!)

ಆದರೆ ಹುಡುಕಾಟ ಐರ್ಲೆಂಡಿನಿಂದಲೇ ಏಕೆ ಶುರುವಾಗಬೇಕು? ಬಂಗಾಳ, ಮದ್ರಾಸ್, ಬೊಂಬಾಯಿ ಪ್ರೆಸಿಡೆನ್ಸಿಗಳ ಚರ್ಚುಗಳಲ್ಲಿ ನಡೆದ ನಾಮಕರಣ, ಮದುವೆ, ಸಮಾಧಿಗಳ ನಕಲು ಲಂಡನ್ನಿಗೆ ಹೋಗುತ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೆಂಗಳೂರಿನವು ಮದ್ರಾಸಿನ ಕಟ್ಟಿನಲ್ಲಿ ಸಿಗುತ್ತವೆ. ಆ ಕಾಲದ ಹೆಣ್ಣಿನ ಜಾಡು ಅಪ್ಪನ ಅಥವಾ ಗಂಡನ ರೆಜಿಮೆಂಟಿನ ಬೆನ್ನು ಹಿಡಿದು ಹೋಗುತ್ತದೆ, ಸೈನ್ಯದ ಕಾಗದಗಳು ಡಬ್ಲಿನ್ ಬೆಂಕಿಗೆ ಸಿಕ್ಕಿದವಲ್ಲ.

ಲೋಲಾ ಮಾಂಟೆಜ್‌ಳನ್ನೇ ನೋಡಿ. 1843ರಲ್ಲಿ ಲಂಡನ್ ರಂಗದ ಮೇಲೆ ಸ್ಪ್ಯಾನಿಷ್ ನರ್ತಕಿಯಾಗಿ ಬಂದವಳು, ಆಮೇಲೆ ಬವೇರಿಯಾದ ದೊರೆ ಒಂದನೇ ಲುಡ್ವಿಗ್‌ನ ಪ್ರೇಯಸಿ. ನಿಜವಾದ ಹೆಸರು ಎಲೈಜಾ ರೊಸಾನಾ ಗಿಲ್ಬರ್ಟ್. ಐರ್ಲೆಂಡಿನ ಲಿಮೆರಿಕ್‌ನಲ್ಲಿ 1818ರಲ್ಲಿ ಹುಟ್ಟಿದಳೆಂದೇ ಬಹುಕಾಲ ಬರೆದರು. ಹಾಗಾದರೆ ಅಪ್ಪ-ಅಮ್ಮನ ಮದುವೆಗೂ ಮುಂಚೆ ಹುಟ್ಟಿದಂತಾಯಿತು, ಏಕೆಂದರೆ ಆ ಮದುವೆ ನಡೆದದ್ದು 1820ರ ಏಪ್ರಿಲ್ 29ಕ್ಕೆ. 1990ರ ದಶಕದ ಕೊನೆಗೆ ಆಕೆಯ ನಾಮಕರಣದ ದಾಖಲೆ ಬೆಳಕಿಗೆ ಬಂತು. ಸಿಕ್ಕಿದ್ದು ಐರ್ಲೆಂಡಿನದ್ದಲ್ಲ, ಲಿವರ್‌ಪೂಲಿನ ಚರ್ಚಿನದು! ಸೈನ್ಯಾಧಿಕಾರಿ ಅಪ್ಪನ ಕುಟುಂಬ 1823ರಲ್ಲಿ ಭಾರತಕ್ಕೆ ಹೊರಟಾಗ ದಾರಿಯಲ್ಲಿ ಮಾಡಿಸಿದ್ದು. ಹುಟ್ಟು 1821ರ ಫೆಬ್ರವರಿ 17, ಊರು ಸ್ಲೈಗೋ ಕೌಂಟಿಯ ಗ್ರೇಂಜ್. ಅಪ್ಪ 1823ರಲ್ಲೇ, ಭಾರತಕ್ಕೆ ಬಂದ ಮೇಲೆ, ಪಟ್ನಾ ಬಳಿಯ ದಾನಾಪುರದಲ್ಲಿ ಕಾಲರಾದಿಂದ ಸತ್ತ. ತಾಯಿ ಎಲೈಜಾ ಆಲಿವರ್, ಕಿಲ್‌ಮ್ಯಾಲಕ್‌ನ ಸಂಸದನಾಗಿದ್ದ ಚಾರ್ಲ್ಸ್ ಸಿಲ್ವರ್ ಆಲಿವರ್‌ನಿಗೆ ಮದುವೆಯ ಹೊರಗೆ ಹುಟ್ಟಿದ ಮಗಳು. ಸ್ಪೇನಿನ ಸುಳಿವೇ ಇಲ್ಲ.

ನ್ಯೂಯಾರ್ಕಿನಲ್ಲಿರುವ ಆಕೆಯ ಸಮಾಧಿಗಲ್ಲು ವಯಸ್ಸು 42 ಎನ್ನುತ್ತದೆ. 1861ರ ಜನವರಿಯಲ್ಲಿ ಸತ್ತಾಗ ಆಕೆಗೆ 39. ಹಾಗಾಗಿ ಯಾರಾದರೂ ಸಮಾಧಿಯ ಫೋಟೋ ಕಳಿಸಿದರೆ, ಮದುವೆಯ ದಾಖಲೆ ಇದೆಯೇ ಎಂದು ಮೊದಲು ಕೇಳುತ್ತೇನೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ್ದಾದರೆ ಅದರಲ್ಲಿ ಸಾಮಾನ್ಯವಾಗಿ ಹುಡುಗಿಯ ಅಪ್ಪನ ಹೆಸರಿರುತ್ತದೆ. ಅಲ್ಲಿಂದ ರೆಜಿಮೆಂಟು, ರೆಜಿಮೆಂಟಿನಿಂದ ಅವನ ಊರು. ಊರು ಗೊತ್ತಾದ ಮೇಲೆ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿರುವ ಕ್ಯಾಥೊಲಿಕ್ ಚರ್ಚ್ ಪುಸ್ತಕಗಳನ್ನು ತೆರೆಯಿರಿ. ಕೈಬರಹ ಕೆಟ್ಟದಾಗಿರುತ್ತದೆ, ಲ್ಯಾಟಿನ್ ಬೇರೆ.